ಕಡಲಕುದುರೆಗೆ ದೊಡ್ಡ ಟ್ಯಾಂಕ್: ಖಾಲಿ ಗಾಜಿನಿಂದ ಮೊದಲ ಜೋಡಿಯವರೆಗೆ

ಕಡಲಕುದುರೆ ಊಟ ಮಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಅದರ ಟ್ಯಾಂಕ್ ಹೇಗಿರಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ. ಒಂದು ಮೈಸಿಸ್ ಸಿಗಡಿ ತೇಲಿಕೊಂಡು ಬರುತ್ತದೆ. ಕುದುರೆ ಅದರ ಹಿಂದೆ ಓಡುವುದಿಲ್ಲ. ಕೊಂಬೆಗೆ ಸುತ್ತಿದ ಬಾಲ ಸುತ್ತಿದ ಹಾಗೇ ಇರುತ್ತದೆ. ಒಂದು ಕಣ್ಣು ಸಿಗಡಿಯ ಮೇಲೆ, ಇನ್ನೊಂದು ನಿಮ್ಮ ಮೇಲೆ. ಕತ್ತು ಮೆಲ್ಲಗೆ ಬಾಗುತ್ತದೆ, ಮೂತಿ ಸಿಗಡಿಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ, ತಿನ್ನಲೋ ಬೇಡವೋ ಅಂತ ಒಂದು ಗಳಿಗೆ ಯೋಚನೆ. ಆಮೇಲೆ ‘ಟಿಕ್’ ಅಂತ ಸದ್ದು, ಸಿಗಡಿ ಮಾಯ. ಕೋಣೆ ನಿಶ್ಶಬ್ದವಾಗಿದ್ದರೆ ಆ ಟಿಕ್ ಗಾಜಿನ ಈಚೆಗೂ ಕೇಳುತ್ತದೆ.

ಇದಕ್ಕೆ ಹಲ್ಲಿಲ್ಲ. ಜಠರವೂ ಇಲ್ಲ. ತಿಂದದ್ದು ನೇರವಾಗಿ ಕರುಳಿಗೆ ಇಳಿದು, ಅರೆಬರೆ ಜೀರ್ಣವಾಗಿ ಹೊರಗೆ ಬೀಳುತ್ತದೆ. ಹಾಗಾಗಿ ದಿನಕ್ಕೆ ಎರಡು ಮೂರು ಸಲ ಊಟ ಹಾಕಲೇಬೇಕು. ಊಟ ಜಾಸ್ತಿಯಾದರೆ ಕೊಳೆ ಜಾಸ್ತಿ, ಕೊಳೆ ಜಾಸ್ತಿಯಾದರೆ ಬ್ಯಾಕ್ಟೀರಿಯಾ ಜಾಸ್ತಿ. ದಿನವಿಡೀ ಒಂದೇ ಕೊಂಬೆಗೆ ಜೋತುಬಿದ್ದಿರುವ ಪ್ರಾಣಿಗೆ ಇಷ್ಟು ದೊಡ್ಡ ಟ್ಯಾಂಕ್ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇದೇ: ಜಾಗ ಬೇಕಿರುವುದು ಅದರ ಓಡಾಟಕ್ಕಲ್ಲ, ಅದರ ಊಟದ ಕೊಳೆ ತಾಳಿಕೊಳ್ಳಲು ನೀರು ಬೇಕು. ಮುಂದೆ ಹೇಳುವುದೆಲ್ಲ ಈ ಜಠರವಿಲ್ಲದ ಊಟ ಮತ್ತು ಸದಾ ಏನನ್ನಾದರೂ ಹಿಡಿದಿರಲೇಬೇಕಾದ ಬಾಲ, ಇವೆರಡರ ಸುತ್ತಲೇ ತಿರುಗುತ್ತದೆ.

ಮೊದಲ ದಿನದಿಂದ ಕುದುರೆ ಮನೆಗೆ ಬರುವವರೆಗೆ ಮೂರು ತಿಂಗಳು ಇಟ್ಟುಕೊಳ್ಳಿ. ಅದಕ್ಕಿಂತ ಬೇಗ ಮುಗಿಸಿದವರೂ ಇದ್ದಾರೆ. ನಾನೂ ಒಮ್ಮೆ ಮುಗಿಸಿದ್ದೆ, ಆಮೇಲೆ ಪಶ್ಚಾತ್ತಾಪ ಪಟ್ಟೆ.

ಮೊದಲು ಕಾನೂನು, ಆಮೇಲೆ ತಳಿ

ಕಡಲಕುದುರೆಗಳ ಎಲ್ಲ ತಳಿಗಳೂ ಸೈಟಿಸ್ (ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. 2004ರಿಂದ ಅವುಗಳ ಅಂತಾರಾಷ್ಟ್ರೀಯ ಮಾರಾಟಕ್ಕೆ ಪರವಾನಗಿ ಬೇಕು. ಕೆಲವು ದೇಶಗಳು ಇನ್ನೂ ಬಿಗಿ. ಉದಾಹರಣೆಗೆ ಭಾರತದಲ್ಲಿ ಕಡಲಕುದುರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ ಪ್ರಾಣಿ, ಸುಮ್ನೆ ತಂದು ಸಾಕುವ ಹಾಗಿಲ್ಲ. ನೀವಿರುವ ಕಡೆ ಸಾಕಲು ಅನುಮತಿ ಇದೆಯೇ, ಯಾವ ಕಾಗದ ಬೇಕು ಅನ್ನುವುದು ಖಚಿತವಾಗುವ ತನಕ ಗಾಜಿಗೂ ಆರ್ಡರ್ ಕೊಡಬೇಡಿ.

ತಳಿಗಳ ವಿಷಯಕ್ಕೆ ಬಂದರೆ, ಹೊಸಬರಿಗೆ ನಾನು ಹೇಳುವುದು ಹಿಪ್ಪೊಕ್ಯಾಂಪಸ್ ಇರೆಕ್ಟಸ್. ಗಟ್ಟಿ ಜೀವ, ಊಟಕ್ಕೆ ಹಟ ಕಡಿಮೆ. ಹಿಪ್ಪೊಕ್ಯಾಂಪಸ್ ರೀಡಿ ಮತ್ತು ಕುಡ ನೋಡಲು ಚೆಂದ. ಹಳದಿ, ಕಿತ್ತಳೆ ಬಣ್ಣದ ಫೋಟೊಗಳಲ್ಲಿ ಕಾಣುವುದು ಸಾಮಾನ್ಯವಾಗಿ ಇವೇ. ಆದರೆ ಬಣ್ಣ ನಂಬಿ ಕೊಳ್ಳಬೇಡಿ. ಕಡಲಕುದುರೆ ಸುತ್ತಲಿನ ಪರಿಸರ, ಮನಸ್ಥಿತಿ ನೋಡಿಕೊಂಡು ಬಣ್ಣ ಬದಲಿಸುತ್ತದೆ. ಹಳದಿ ಅಂತ ತಂದದ್ದು ವಾರದಲ್ಲಿ ಕಂದು ಆಗಬಹುದು. ದೊಡ್ಡ ಹೊಟ್ಟೆಯ ಹಿಪ್ಪೊಕ್ಯಾಂಪಸ್ ಅಬ್ಡೊಮಿನಾಲಿಸ್ 30 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, ಅದಕ್ಕೆ ಇನ್ನೂ ತಣ್ಣಗಿನ ನೀರು ಬೇಕು. ಒಂದು ಟ್ಯಾಂಕ್‌ಗೆ ಒಂದೇ ತಳಿ, ಸಾಧ್ಯವಾದರೆ ಒಂದೇ ಕಡೆ ಹುಟ್ಟಿದವು. ಬೇರೆ ಬೇರೆ ಕಡೆಯವು ಒಟ್ಟಿಗೆ ಸೇರಿದರೆ ಒಂದಕ್ಕೆ ಒಗ್ಗಿಹೋದ ರೋಗಾಣು ಇನ್ನೊಂದನ್ನು ಮಲಗಿಸುತ್ತದೆ.

ಕಡಲಲ್ಲಿ ಹಿಡಿದು ತಂದದ್ದು ಬೇಡವೇ ಬೇಡ. ಹೆಚ್ಚಿನವು ಜೀವಂತ ಆಹಾರ ಬಿಟ್ಟು ಬೇರೆ ಏನನ್ನೂ ಮೂಸಿಯೂ ನೋಡುವುದಿಲ್ಲ, ಜತೆಗೆ ಪರಾವಲಂಬಿ ಹುಳುಗಳ ಗಂಟು. ಸಾಕಣೆಯಲ್ಲೇ ಹುಟ್ಟಿ, ಫ್ರೋಜನ್ ಮೈಸಿಸ್ ತಿನ್ನಲು ಕಲಿತ ಮರಿಗಳನ್ನೇ ತನ್ನಿ.

ಟ್ಯಾಂಕ್: ಉದ್ದಕ್ಕಿಂತ ಎತ್ತರ ಮುಖ್ಯ

ಬೇರೆ ಮೀನುಗಳಿಗೆ ಉದ್ದದ ಟ್ಯಾಂಕ್ ಒಳ್ಳೆಯದು. ಇವಕ್ಕೆ ಎತ್ತರದ್ದು. ಜೋಡಿ ಕೂಡುವಾಗ ಎರಡೂ ಎದೆಗೆ ಎದೆ ಕೊಟ್ಟು ನೀರಿನಲ್ಲಿ ನೇರ ಮೇಲಕ್ಕೆ ಏರುತ್ತವೆ, ಹೆಣ್ಣು ಆಗ ಗಂಡಿನ ಚೀಲಕ್ಕೆ ಮೊಟ್ಟೆ ಸೇರಿಸುತ್ತದೆ. ಎತ್ತರ ಸಾಲದಿದ್ದರೆ ಮೊಟ್ಟೆಗಳು ನೆಲಕ್ಕೆ ಚೆಲ್ಲಿ ಹೋಗುತ್ತವೆ. ತೀರಾ ತಗ್ಗಿನ ಟ್ಯಾಂಕ್‌ಗಳಲ್ಲಿ ಗಾಳಿಗುಳ್ಳೆ ರೋಗ (ಮೈಯಲ್ಲಿ, ಚೀಲದಲ್ಲಿ ಗಾಳಿ ತುಂಬಿಕೊಳ್ಳುವುದು) ಜಾಸ್ತಿ ಅನ್ನುವುದು ಸಾಕುವವರ ಅನುಭವ. ಬಾಲ ಬಿಡಿಸಿ ಅಳೆದ ಕುದುರೆಯ ಉದ್ದದ ಮೂರು ಪಟ್ಟು ನೀರಿನ ಎತ್ತರ ಇರಲಿ. 45 ಸೆಂಟಿಮೀಟರ್‌ಗಿಂತ ಕಡಿಮೆ ಬೇಡ.

ಮೊದಲ ಜೋಡಿಗೆ ಸುಮಾರು 110 ಲೀಟರ್, ಆಮೇಲಿನ ಪ್ರತಿ ಜೋಡಿಗೆ ಇನ್ನೊಂದು 60 ಲೀಟರ್ ಅನ್ನುವುದು ಸಾಮಾನ್ಯ ಲೆಕ್ಕ. ಇದು ಕನಿಷ್ಠ. ನಾನು ಇಲ್ಲಿ ಇಟ್ಟುಕೊಂಡಿರುವುದು 90 ಸೆಂ.ಮೀ. ಉದ್ದ, 60 ಅಗಲ, 60 ಎತ್ತರದ ಟ್ಯಾಂಕ್. ಲೆಕ್ಕಕ್ಕೆ 324 ಲೀಟರ್. ಕಲ್ಲು, ಗಾಜಿನ ದಪ್ಪ, ಮೇಲೆ ಬಿಡುವ ಜಾಗ ಕಳೆದರೆ ನಿಜವಾದ ನೀರು 280ರ ಆಸುಪಾಸು. ಲೆಕ್ಕದ ಪ್ರಕಾರ ಮೂರು ಜೋಡಿ ಆರಾಮಾಗಿ ಹಿಡಿಯುತ್ತದೆ. ನೀವು ಎರಡರಿಂದ ಶುರು ಮಾಡಿ. ಇನ್ನೂ ಎತ್ತರದ ಆಸೆಯಿದ್ದರೆ ಮೊದಲು ನಿಮ್ಮ ತೋಳು ಅಳೆದುಕೊಳ್ಳಿ. ಕಂಕುಳವರೆಗೆ ಮುಳುಗಿದರೂ ನೆಲ ಸಿಗದ ಟ್ಯಾಂಕ್ ಒಂದು ತಿಂಗಳಿಗೇ ಬೇಜಾರು ತರುತ್ತದೆ.

ಗಾಜು 12 ಮಿ.ಮೀ. ದಪ್ಪ ಇರಲಿ. ಉಪ್ಪುನೀರು ಲೀಟರಿಗೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿಯೇ ತೂಗುತ್ತದೆ. ಟ್ಯಾಂಕ್, ಸಂಪ್, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿದರೆ ಅರ್ಧ ಟನ್ ಹತ್ತಿರ. ನೆಲ ಅದನ್ನು ಹೊರುತ್ತದೆಯೇ ಅಂತ ತಿಳಿದವರನ್ನು ಕೇಳಿ, ತೊಲೆ ಅಥವಾ ಗೋಡೆಯ ಪಕ್ಕದ ಜಾಗ ಆರಿಸಿ. ಸ್ಟ್ಯಾಂಡ್ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ನಾಲ್ಕೂ ಕಡೆ ನೋಡಿ. ಟ್ಯಾಂಕ್ ಕೆಳಗೆ ಫೋಮ್ ಹಾಸಿ. ಕಿಟಕಿಯ ಬಿಸಿಲು ಬೀಳುವ ಜಾಗ ಬೇಡ, ಪಾಚಿಗಿಂತ ದೊಡ್ಡ ತೊಂದರೆ ಅಲ್ಲಿ ಬಿಸಿ.

ಸಂಪ್, ಮತ್ತು ನನ್ನ ಮನೆಯ ಪ್ರವಾಹ

ಸಂಪ್ ಅಂದ ತಕ್ಷಣ ನೆಲದಡಿಯ ನೀರಿನ ತೊಟ್ಟಿ ನೆನಪಾಗುತ್ತದೆ, ಅಲ್ವಾ? ಇದು ಅದಲ್ಲ. ಸ್ಟ್ಯಾಂಡ್ ಒಳಗೆ ಕೂರುವ ಇನ್ನೊಂದು ಚಿಕ್ಕ ಟ್ಯಾಂಕ್. ಮೇಲಿನ ನೀರು ಓವರ್‌ಫ್ಲೋ ಪೈಪಿನಲ್ಲಿ ಕೆಳಗಿಳಿದು, ಫಿಲ್ಟರ್ ದಾಟಿ, ಪಂಪಿನಿಂದ ಮತ್ತೆ ಮೇಲೆ ಹೋಗುತ್ತದೆ. ಕಡಲಕುದುರೆಗೆ ಇದು ಬಲು ಉಪಯೋಗ. ಹೀಟರ್, ಸ್ಕಿಮ್ಮರ್, ಪಂಪ್ ಎಲ್ಲ ಕೆಳಗೆ ಸೇರಿಬಿಟ್ಟರೆ ಬಾಲ ಸುತ್ತಿಕೊಳ್ಳಲು ಅಪಾಯದ ವಸ್ತು ಮೇಲೆ ಉಳಿಯುವುದಿಲ್ಲ. ಹೀಟರ್ ಬಿಸಿಯಾಗಿದೆ ಅಂತ ಕುದುರೆಗೆ ಹೊಳೆಯುವುದಿಲ್ಲ. ಸುತ್ತಿ ಹಿಡಿದು ಸುಟ್ಟುಕೊಳ್ಳುತ್ತದೆ.

ಸಂಪ್ 100 ಲೀಟರ್ ಹಿಡಿಯುವಷ್ಟಿರಲಿ, ಓಡುವಾಗ ಅದರಲ್ಲಿ 70–80 ಲೀಟರ್ ಮಾತ್ರ ನಿಲ್ಲಲಿ. ಮೇಲಿನಿಂದ ಬರುವ ನೀರು ಮೊದಲು ಫಿಲ್ಟರ್ ಸಾಕ್ಸ್‌ಗೆ ಬೀಳಬೇಕು, ಅದನ್ನು ಎರಡು ಮೂರು ದಿನಕ್ಕೊಮ್ಮೆ ತೊಳೆಯಬೇಕು. ತೊಳೆಯದ ಸಾಕ್ಸ್ ಅಂದರೆ ಕೊಳೆಯನ್ನು ಕೂಡಿಟ್ಟ ಚೀಲ. ಆಮೇಲೆ ಪ್ರೋಟೀನ್ ಸ್ಕಿಮ್ಮರ್. ಇದು ಸಣ್ಣ ಗುಳ್ಳೆಗಳಿಗೆ ಅಂಟಿದ ಜಿಡ್ಡು, ಕೊಳೆಯನ್ನು ನೊರೆ ಮಾಡಿ ಮೇಲಿನ ಬಟ್ಟಲಿಗೆ ತಳ್ಳುತ್ತದೆ. ಡಬ್ಬದ ಮೇಲೆ ಬರೆದ ಸಾಮರ್ಥ್ಯವನ್ನು ಅರ್ಧ ಅಂತ ತಿಳಿಯಿರಿ. 350 ಲೀಟರ್ ನೀರಿಗೆ 700 ಲೀಟರಿನ ಸ್ಕಿಮ್ಮರ್ ಸರಿ. ಅದರ ಮುಂದಿನ ಭಾಗದಲ್ಲಿ ಚೀಟೊಮಾರ್ಫಾ ಪಾಚಿ ಬೆಳೆಸಿ, ಮೇಲೊಂದು ದೀಪ ಹಾಕಿ. ನೈಟ್ರೇಟನ್ನು ಅದು ತಿನ್ನುತ್ತದೆ, ನೀವು ತಿಂಗಳಿಗೊಮ್ಮೆ ಹಿಡಿಯಷ್ಟು ಕಿತ್ತು ಬಿಸಾಡಿದರೆ ಆಯಿತು. ಕೊನೆಯಲ್ಲಿ ಮೂರು ಅಡ್ಡಗಾಜುಗಳ ಗುಳ್ಳೆ ತಡೆ, ಅದರಾಚೆ ಪಂಪ್. ಗುಳ್ಳೆ ತಡೆ ಬಿಡಬೇಡಿ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಟ್ಯಾಂಕ್‌ನಲ್ಲಿ ಹೊಗೆಯ ಹಾಗೆ ಹರಡುವುದು ಕುದುರೆಗಳಿಗೆ ಒಳ್ಳೆಯದಲ್ಲ.

ಈಗ ಪ್ರವಾಹದ ಕತೆ. ನನ್ನ ಮೊದಲ ಸಂಪ್‌ಗೆ ನಾನು ಅಂಚಿನವರೆಗೆ ನೀರು ತುಂಬಿದ್ದೆ. ಜಾಸ್ತಿ ನೀರಿದ್ದರೆ ಒಳ್ಳೆಯದು ಅಂತ ಲೆಕ್ಕ. ಒಂದು ರಾತ್ರಿ ಕರೆಂಟ್ ಹೋಯಿತು. ಪಂಪ್ ನಿಂತ ಮೇಲೆ, ನೀರು ತಳ್ಳುತ್ತಿದ್ದ ಪೈಪೇ ಹಿಂದಕ್ಕೆ ಎಳೆಯಲು ಶುರು ಮಾಡಿತು. ಪೈಪಿನ ಬಾಯಿ ನೀರಿನೊಳಗೆ ಒಂದು ಗೇಣು ಮುಳುಗಿತ್ತು, ಆ ಒಂದು ಗೇಣು ನೀರು ಪೂರ್ತಿ ಕೆಳಗೆ ಬಂದು ಸಂಪ್ ಉಕ್ಕಿ ನೆಲದ ಮೇಲೆ ಹರಡಿತು. ಬೆಳಗ್ಗೆ ಎದ್ದು ಕಾಲಿಟ್ಟರೆ ಕೋಣೆಯೆಲ್ಲ ಕಡಲು! ಅಂದಿನಿಂದ ಎರಡು ನಿಯಮ. ಪೈಪಿನ ಬಾಯಿ ನೀರಿನ ಮಟ್ಟದಿಂದ ಎರಡು ಬೆರಳಿಗಿಂತ ಕೆಳಗಿರಬಾರದು, ಮಟ್ಟದ ಸ್ವಲ್ಪ ಕೆಳಗೆ ಪೈಪಿಗೊಂದು ತೂತು ಕೊರೆದಿರಬೇಕು. ನೀರು ಅಲ್ಲಿಗಿಳಿದ ತಕ್ಷಣ ಗಾಳಿ ನುಗ್ಗಿ ಎಳೆತ ನಿಲ್ಲುತ್ತದೆ. ಮತ್ತೆ, ಟ್ಯಾಂಕ್‌ಗೆ ಜೀವ ಬರುವ ಮೊದಲೇ ಪಂಪಿನ ಸ್ವಿಚ್ ಆರಿಸಿ ಹತ್ತು ನಿಮಿಷ ನೋಡುತ್ತಾ ನಿಲ್ಲಬೇಕು. ಎಷ್ಟು ನೀರು ಬಂತೋ ಅಲ್ಲಿಗೊಂದು ಗೆರೆ, ಓಡುವಾಗ ಇರಬೇಕಾದ ಮಟ್ಟಕ್ಕೊಂದು ಗೆರೆ. ಮಾರ್ಕರ್ ಪೆನ್ನಿನ ಆ ಎರಡು ಗೆರೆ ನನ್ನ ಸಂಪ್ ಮೇಲೆ ಈಗಲೂ ಇವೆ. ಕರೆಂಟ್ ಹೋದರೆ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದನ್ನೂ ಇಟ್ಟುಕೊಳ್ಳಿ.

ಹರಿವು ಎಷ್ಟು, ಎಲ್ಲಿ

ಕುದುರೆ ಅಂದ ಮಾತ್ರಕ್ಕೆ ಓಟ ನಿರೀಕ್ಷಿಸಬೇಡಿ. ಬೆನ್ನಿನ ಪುಟ್ಟ ರೆಕ್ಕೆ ಸೆಕೆಂಡಿಗೆ 35 ಸಲದವರೆಗೆ ಬಡಿದರೂ ಇದು ಈಜುವುದು ನಡಿಗೆಗಿಂತ ನಿಧಾನ. ಅದಕ್ಕೇ ನೀರು ಅಲುಗಾಡದ ಹಾಗಿರಬೇಕು ಅಂತ ಹಿಂದೆಲ್ಲ ಹೇಳುತ್ತಿದ್ದರು. ಹಾಗೆ ಮಾಡಿದರೆ ಕಲ್ಲಿನ ಸಂದಿಗಳಲ್ಲಿ ಕೊಳೆ ಕೂರುತ್ತದೆ. ಈಗ ಹೆಚ್ಚಿನವರು ಹರಿವು ಇರಲಿ, ಆದರೆ ಹರಡಿಕೊಂಡಿರಲಿ ಅನ್ನುತ್ತಾರೆ, ನಾನೂ ಆ ಪಕ್ಷ. ಗಂಟೆಗೆ 1,500–2,000 ಲೀಟರ್ ಸಂಪ್‌ನಿಂದ ಮೇಲೆ ಬರಲಿ, ಪೈಪಿನ ಬಾಯಿಗೆ ಅಗಲವಾದ ನಳಿಕೆ ಹಾಕಿ ನೀರನ್ನು ಮೇಲ್ಮೈ ಕಡೆ ತಿರುಗಿಸಿ. ಒಂದು ಮೂಲೆ ಚುರುಕಾಗಿದ್ದು ಇನ್ನೊಂದು ಮೂಲೆ ಶಾಂತವಾಗಿರಬೇಕು. ಎಲ್ಲಿರಬೇಕು ಅಂತ ಕುದುರೆಯೇ ಆರಿಸಿಕೊಳ್ಳುತ್ತದೆ. ಸರಿಯಾಗಿದೆಯಾ ಅಂತ ನೋಡಲು ನಾಲ್ಕು ಚೂರು ಮೈಸಿಸ್ ನೀರಿಗೆ ಬಿಡಿ. ಶಾಂತ ಮೂಲೆಯಲ್ಲಿ ಅವು ತೇಲುತ್ತಾ ನಿಧಾನ ಇಳಿಯಬೇಕು, ಬಾಣದ ಹಾಗೆ ಹೋಗಬಾರದು.

ಓವರ್‌ಫ್ಲೋ ಬಾಯಿಗೆ ಜಾಲರಿ, ನೀರು ಎಳೆಯುವ ಪ್ರತಿ ತೂತಿಗೆ ಒರಟು ಸ್ಪಂಜು ಹಾಕಿ. ಒಳಗೆ ಇನ್ನೊಂದು ಹರಿವಿನ ಪಂಪ್ ಹಾಕಿದರೆ ಅದಕ್ಕೂ ಪೂರ್ತಿ ಸ್ಪಂಜಿನ ಕವಚ. ಕಿರುಬೆರಳ ತುದಿ ಹೋಗುವ ಕಡೆಯೆಲ್ಲ ಬಾಲವೂ ಹೋಗುತ್ತದೆ.

ತಂಪು: ಇಲ್ಲಿ ಜಿಪುಣತನ ಬೇಡ

ಇರೆಕ್ಟಸ್, ರೀಡಿ, ಕುಡ ಬೆಚ್ಚಗಿನ ಕಡಲಿನಲ್ಲೂ ಬದುಕುವ ಜೀವಗಳು. ಆದರೂ ಟ್ಯಾಂಕ್‌ನಲ್ಲಿ ನೀರು 21ರಿಂದ 23 ಡಿಗ್ರಿ ಸೆಲ್ಸಿಯಸ್ ಇರಬೇಕು. ಇದೇಕೆ ಅಂದರೆ, ವಿಬ್ರಿಯೋ ಅನ್ನುವ ಬ್ಯಾಕ್ಟೀರಿಯಾ ಎಲ್ಲ ಉಪ್ಪುನೀರಿನಲ್ಲೂ ಇರುತ್ತದೆ. ಬಿಸಿ ಏರಿದಷ್ಟೂ ಅದು ವೇಗವಾಗಿ ಹೆಚ್ಚುತ್ತದೆ, ಹೆಚ್ಚು ಕೆರಳುತ್ತದೆ. ಕಡಲಿನಲ್ಲಿ ಅದನ್ನು ತೆಳುವಾಗಿಸಲು ಕೊನೆಯಿಲ್ಲದಷ್ಟು ನೀರಿದೆ, ನಿಮ್ಮಲ್ಲಿರುವುದು 350 ಲೀಟರ್ ಮತ್ತು ದಿನಕ್ಕೆ ಮೂರು ಸಲ ಊಟ. 25 ದಾಟಿದ ನೀರಿನಲ್ಲಿ ವಾರಗಟ್ಟಲೆ ಇಟ್ಟರೆ ಬಾಲದ ಮೇಲೆ ಬಿಳಿ ಮಚ್ಚೆ, ಮೂತಿ ಕೊಳೆಯುವುದು, ಇವೆಲ್ಲ ಸಾಲಾಗಿ ಬರುತ್ತವೆ.

ಕೋಣೆ ವರ್ಷವಿಡೀ ತಣ್ಣಗಿದ್ದರೆ ಫ್ಯಾನ್ ಸಾಕು. ನೀರಿನ ಮೇಲೆ ಗಾಳಿ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಇಲ್ಲದಿದ್ದರೆ ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ ಬೇಕೇ ಬೇಕು. ಟ್ಯಾಂಕ್ ಚಿಕ್ಕದು ಮಾಡಿಯಾದರೂ ಚಿಲ್ಲರ್ ಕೊಳ್ಳಿ ಅನ್ನುತ್ತೇನೆ. ಅದನ್ನು ಮುಚ್ಚಿದ ಕಪಾಟಿನೊಳಗೆ ಇಡಬೇಡಿ, ತಾನು ಹೊರಹಾಕಿದ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ನೀರು ಮೇಲೆ ಹೋಗುವ ಪೈಪಿಗೆ ಯುವಿ ದೀಪ ಜೋಡಿಸಿದರೆ ತೇಲಾಡುವ ರೋಗಾಣುಗಳು ಒಂದಿಷ್ಟು ಕಡಿಮೆಯಾಗುತ್ತವೆ. ಕಲ್ಲಿಗೆ ಅಂಟಿದ್ದಕ್ಕೆ ಅದು ಏನೂ ಮಾಡದು.

ನೀರು ಮತ್ತು ಉಪ್ಪು

ನಲ್ಲಿ ನೀರು ಆಗದು. ಕ್ಲೋರಿನ್, ಫಾಸ್ಫೇಟ್, ಲೋಹದ ಅಂಶ ಎಲ್ಲ ಇರುತ್ತದೆ. ಡಿಐ ಹಂತವೂ (ಆರ್‌ಒ ಬಿಟ್ಟ ಲವಣಗಳನ್ನು ತೆಗೆಯುವ ಹಂತ) ಇರುವ ಆರ್‌ಒ ಯಂತ್ರದ ನೀರು, ಕರಗಿದ ಅಂಶ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವಂಥದ್ದು ಬೇಕು. ಅದಕ್ಕೆ ಅಕ್ವೇರಿಯಂ ಉಪ್ಪು. ಅಡುಗೆ ಉಪ್ಪು ಹಾಕಿದರೆ ಬರೀ ಉಪ್ಪುನೀರಾಗುತ್ತದೆ, ಕಡಲಿನ ನೀರಾಗುವುದಿಲ್ಲ. ಲೀಟರಿಗೆ ಸುಮಾರು 36 ಗ್ರಾಂ ಲೆಕ್ಕದಲ್ಲಿ ಪೂರ್ತಿ ವ್ಯವಸ್ಥೆಗೆ 13 ಕೆಜಿ ಹತ್ತಿರ ಬೇಕಾಗುತ್ತದೆ. ಮೊದಲ ಸಲ ಟ್ಯಾಂಕ್‌ನಲ್ಲೇ ಕಲಸಬಹುದು. ಆಮೇಲೆ ಯಾವಾಗಲೂ ಬೇರೆ ಡ್ರಮ್ಮಿನಲ್ಲಿ ಕಲಸಿ, ಪಂಪ್ ಹಾಕಿ, ಒಂದು ದಿನ ಬಿಟ್ಟು ಬಳಸಿ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಸುರಿದರೆ ತಳದಲ್ಲಿ ಗಟ್ಟಿ ಕಟ್ಟಿ ಮೋಡದ ಹಾಗಾಗುತ್ತದೆ.

ಇರಬೇಕಾದ ಅಂಕಿಗಳು ಇವು: ಸಾಂದ್ರತೆ 1.024–1.026, ಪಿಎಚ್ 8.0–8.4, ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ (ಲೀಟರಿಗೆ ಸುಮಾರು ಅಷ್ಟು ಮಿಲಿಗ್ರಾಂ) ಒಳಗೆ. ಸಾಂದ್ರತೆ ನೋಡಲು ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ, ತೇಲುವ ಪ್ಲಾಸ್ಟಿಕ್ ಮುಳ್ಳಿನದು ನಂಬಲಾಗದು. ಆವಿಯಾಗಿ ಇಳಿದ ನೀರಿನ ಜಾಗಕ್ಕೆ ಬರೀ ಆರ್‌ಒ ನೀರು ತುಂಬಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ.

ಕಲ್ಲು, ಮರಳು, ಬಾಲಕ್ಕೊಂದು ಆಸರೆ

20–25 ಕೆಜಿ ಒಣ ಕಲ್ಲು ಸಾಕು. ಕಡಲಿನಿಂದ ನೇರ ಬಂದ ಜೀವಂತ ಕಲ್ಲಿನಲ್ಲಿ ಕೊಳೆ ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಸಿದ್ಧವಾಗಿರುತ್ತದೆ ನಿಜ, ಆದರೆ ಏಡಿ, ಮ್ಯಾಂಟಿಸ್ ಸಿಗಡಿ, ಐಪ್ಟಾಸಿಯಾ ಕೂಡ ಬಿಟ್ಟಿಯಾಗಿ ಬರುತ್ತವೆ. ಐಪ್ಟಾಸಿಯಾ ಅಂದರೆ ಕಂದು ಬಣ್ಣದ ಪುಟ್ಟ ತಾಳೆಮರದ ಹಾಗೆ ಕಾಣುವ ಕುಟುಕು ಜೀವಿ. ಒಂದಿದ್ದರೆ ಹತ್ತಾಗುತ್ತದೆ. ಕಲ್ಲುಗಳನ್ನು ಗೋಡೆಯ ಹಾಗೆ ಒತ್ತಿ ಕಟ್ಟಬೇಡಿ. ಎರಡು ಮೂರು ಕಂಬ, ಮಧ್ಯೆ ಕಮಾನು, ಹಿಂದೆ ಕೈ ಹೋಗುವಷ್ಟು ಸಂದು. ನಾಳೆ ಅಲ್ಲಿ ಬಿದ್ದ ಸಿಗಡಿ ತೆಗೆಯುವವರು ನೀವೇ. ಕಲ್ಲನ್ನು ಗಾಜಿನ ಮೇಲೇ ಕೂರಿಸಿ, ಆಮೇಲೆ ಸುತ್ತ ಮರಳು. ಮರಳು ಎರಡು ಸೆಂಟಿಮೀಟರ್ ದಾಟಬಾರದು. ಮರಳೇ ಬೇಡ ಅಂದರೆ ಇನ್ನೂ ಸುಲಭ, ಚೆಂದ ಮಾತ್ರ ಸ್ವಲ್ಪ ಕಡಿಮೆ.

ಇನ್ನು ಬಾಲದ ವಿಷಯ. ಹಿಡಿಯಲು ಏನೂ ಸಿಗದ ಕಡಲಕುದುರೆ ದಿಕ್ಕುತಪ್ಪಿದ ಮಗುವಿನ ಹಾಗೆ ಅಲೆಯುತ್ತದೆ. ಇನ್ನೊಂದು ಕುದುರೆಯ ಕತ್ತನ್ನೇ ಹಿಡಿಯುವುದೂ ಉಂಟು. ಪ್ರತಿ ಕುದುರೆಗೆ ಮೂರು ನಾಲ್ಕು ಆಸರೆ ಲೆಕ್ಕ ಹಾಕಿ, ಬೇರೆ ಬೇರೆ ಎತ್ತರದಲ್ಲಿ, ಪೆನ್ಸಿಲಿನಷ್ಟು ದಪ್ಪದವು. ಗೊರ್ಗೋನಿಯನ್ ಹವಳ, ಗ್ರಾಸಿಲೇರಿಯಾ ಪಾಚಿ, ಅಕ್ವೇರಿಯಂಗೆ ಮಾಡಿದ ಪ್ಲಾಸ್ಟಿಕ್ ಗಿಡ, ಕೃತಕ ಹವಳ ಯಾವುದೂ ಆದೀತು. ಒಳಗೆ ತಂತಿಯಿರುವ ಗಿಡ ಬೇಡ, ತುಕ್ಕು ಹಿಡಿಯುತ್ತದೆ. ನಾನು ತುಂಬ ಹುಡುಕಿ ತಂದ ನೇರಳೆ ಗೊರ್ಗೋನಿಯನ್ನನ್ನು ನನ್ನ ಹೆಣ್ಣು ಕುದುರೆ ಕಣ್ಣೆತ್ತಿಯೂ ನೋಡಲಿಲ್ಲ. ಅದರ ಜಾಗ ಇವತ್ತಿಗೂ ಥರ್ಮಾಮೀಟರಿನ ತಂತಿ.

ಹವಳ ಬೇಕೆಂದರೆ ಕುಟುಕದ ಮೆತ್ತನೆಯವು ಮಾತ್ರ: ಡಿಸ್ಕೋಸೋಮಾ ಅಣಬೆ ಹವಳ, ಟೋಡ್‌ಸ್ಟೂಲ್ ಹವಳ ಆಗಬಹುದು. ಅನಿಮೋನ್, ಟಾರ್ಚ್, ಹ್ಯಾಮರ್, ಗ್ಯಾಲಾಕ್ಸಿಯಾ ಬೇಡ. ಕುದುರೆಗೆ ಹೊರಗವಚ ಗಟ್ಟಿಯಿದ್ದರೂ ಅದರ ಮೇಲೆ ಹುರುಪೆ ಇಲ್ಲ, ಬರೀ ತೆಳು ಚರ್ಮ. ಕುಟುಕಿದ ಕಡೆ ಗಾಯ, ಗಾಯದಲ್ಲಿ ವಿಬ್ರಿಯೋ.

ಸೈಕ್ಲಿಂಗ್, ಆಮೇಲೆ ಇಲ್ಲದ ಕುದುರೆಗೆ ಊಟ

ಸೈಕ್ಲಿಂಗ್ ಅಂದರೆ ಕೊಳೆಯಿಂದ ಬರುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾವನ್ನು ಟ್ಯಾಂಕ್‌ನಲ್ಲಿ ಮೊದಲೇ ಬೆಳೆಸುವುದು. ಎಲ್ಲ ಜೋಡಿಸಿ, ಪಂಪ್ ಓಡಿಸಿ, ನೀರು 26 ಡಿಗ್ರಿಗೆ ಏರಿಸಿ. ಈ ಹಂತದಲ್ಲಿ ಮಾತ್ರ ಬಿಸಿ ಒಳ್ಳೆಯದು, ಬೇಕಾದ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ ತನ್ನಿ. ಬಾಟಲಿಯ ಬ್ಯಾಕ್ಟೀರಿಯಾ ಸಿಕ್ಕರೆ ಅದೂ ಇರಲಿ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಏರುತ್ತದೆ. ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯೊಳಗೆ ಪೂರ್ತಿ ಮಾಯವಾಗಿ, ನೈಟ್ರೈಟೂ ಸೊನ್ನೆ ತೋರಿಸಿದ ದಿನ ಸೈಕಲ್ ಮುಗಿಯಿತು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಅರ್ಧ ನೀರು ಬದಲಿಸಿ, ನಿಧಾನವಾಗಿ 22 ಡಿಗ್ರಿಗೆ ಇಳಿಸಿ.

ಇಲ್ಲಿಗೆ ಮುಗಿಯಿತು ಅಂದುಕೊಂಡು ಕುದುರೆ ತರುವುದೇ ದೊಡ್ಡ ಎಡವಟ್ಟು. ನಾನು ಪಶ್ಚಾತ್ತಾಪ ಪಟ್ಟೆ ಅಂದೆನಲ್ಲ, ಅದು ಇಲ್ಲೇ. ಟೆಸ್ಟ್ ಕಿಟ್ ಎಲ್ಲ ಸೊನ್ನೆ ತೋರಿಸಿದ ಮೂರನೇ ದಿನಕ್ಕೆ ಜೋಡಿ ಬಂತು, ಹದಿನೈದು ದಿನದಲ್ಲಿ ಕಲ್ಲಿನ ಮೇಲೆಲ್ಲ ಕಂದು ಲೋಳೆ, ನೀರಿಗೊಂದು ವಾಸನೆ. ಶುದ್ಧ ಅಮೋನಿಯಾ ಅರಗಿಸಿಕೊಂಡ ಟ್ಯಾಂಕ್‌ಗೆ ದಿನವೂ ಬೀಳುವ ಸಿಗಡಿ ಅರಗಲಿಲ್ಲ. ಹಾಗಾಗಿ ಮುಂದಿನ ಮೂರು ನಾಲ್ಕು ವಾರ ಕುದುರೆ ಇದೆ ಅಂದುಕೊಂಡೇ ದಿನಕ್ಕೆ ಎರಡು ಸಲ ಮೈಸಿಸ್ ಹಾಕಿ, ಅರ್ಧ ಗಂಟೆ ಬಿಟ್ಟು ಉಳಿದದ್ದು ಹೀರಿ ತೆಗೆಯಿರಿ. ಮನೆಯವರು ನಗುತ್ತಾರೆ. ನಗಲಿ. ಕೊಳೆ ಎಲ್ಲಿ ಕೂರುತ್ತದೆ, ಸ್ಕಿಮ್ಮರ್ ತಾಳುತ್ತದೆಯೇ, ನೈಟ್ರೇಟ್ ವಾರಕ್ಕೆ ಎಷ್ಟು ಏರುತ್ತದೆ ಎಲ್ಲ ಈಗಲೇ ಗೊತ್ತಾಗುತ್ತದೆ. ಶುಚಿ ಕೆಲಸಕ್ಕೆ ಬಸವನಹುಳುಗಳನ್ನು ಬಿಡಲು ಇದೇ ಹೊತ್ತು. ನಾಸೇರಿಯಸ್, ಸೆರಿತ್, ಟ್ರೋಕಸ್ ಸೇರಿ ಇಪ್ಪತ್ತು ಮೂವತ್ತು ಇರಲಿ. ಮೈಸಿಸ್ ವಾಸನೆ ಬಂದ ಕ್ಷಣ ನಾಸೇರಿಯಸ್ ಮರಳಿನಿಂದ ಸೊಂಡಿಲು ಎತ್ತಿ ಏಳುವುದು ನೋಡುವಂಥದ್ದು.

ಕುದುರೆ ಮನೆಗೆ ಬರುವ ದಿನ

ಕೊಳ್ಳುವ ಮುನ್ನ ನಿಮ್ಮ ಕಣ್ಣೆದುರೇ ಫ್ರೋಜನ್ ಮೈಸಿಸ್ ತಿನ್ನಿಸಿ ತೋರಿಸಲು ಹೇಳಿ. ಹೊಟ್ಟೆ ಒಳಕ್ಕೆ ಅಂಟಿರಬಾರದು. ಎರಡೂ ಕಣ್ಣು ಬೇರೆ ಬೇರೆ ಕಡೆ ತಿರುಗುತ್ತಿರಬೇಕು. ಏದುಸಿರು, ಬಿಳಿ ಮಚ್ಚೆ, ಊದಿದ ಮೂತಿ, ಮೇಲ್ಮೈಯಲ್ಲಿ ತೇಲುವುದು, ಇವುಗಳಲ್ಲಿ ಒಂದಿದ್ದರೂ ವಾಪಸ್ ಬನ್ನಿ. ಪಾಪ ಅಂತ ತರುವುದು ಬೇಡ. ಹೊಟ್ಟೆಯ ಕೆಳಗೆ ನುಣ್ಣನೆ ಚೀಲ ಇರುವುದು ಗಂಡು. ಇಲ್ಲದೆ ಹೊಟ್ಟೆ ಕೋನವಾಗಿ ಬಾಲಕ್ಕೆ ಸೇರುವುದು ಹೆಣ್ಣು.

ದೂರದಿಂದ ಪ್ಯಾಕ್ ಆಗಿ ಬಂದಿದ್ದರೆ ಒಂದು ಎಚ್ಚರಿಕೆ. ಚೀಲದ ನೀರಿನಲ್ಲಿ ಅಮೋನಿಯಾ ಸೇರಿರುತ್ತದೆ. ಕುದುರೆ ಬಿಟ್ಟ ಕಾರ್ಬನ್ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವುದರಿಂದ ಅದು ಅಷ್ಟು ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ಎರಡು ಗಂಟೆ ಹನಿ ಹನಿ ಹಾಕುತ್ತಾ ಕೂರುವುದು ತಪ್ಪು. ಮುಚ್ಚಿದ ಚೀಲವನ್ನು 20 ನಿಮಿಷ ತೇಲಿಬಿಟ್ಟು ಬಿಸಿ ಸರಿಹೊಂದಿಸಿ. ಬಿಚ್ಚಿದ ಮೇಲೆ ಅರ್ಧ ಗಂಟೆಯೊಳಗೆ ಲೋಟ ಲೋಟವಾಗಿ ನಿಮ್ಮ ನೀರು ಸೇರಿಸಿ, ಕುದುರೆಯನ್ನು ಕ್ವಾರಂಟೈನ್ ಟ್ಯಾಂಕ್ (ಹೊಸದನ್ನು ಮೊದಲು ಪ್ರತ್ಯೇಕವಾಗಿಡುವ ಟ್ಯಾಂಕ್) ಒಳಗೆ ಬಿಡಿ. ಮಾರುವವರ ನೀರಿನ ಉಪ್ಪಿನಂಶ ಎಷ್ಟು ಅಂತ ಮೊದಲೇ ಕೇಳಿ, ಕ್ವಾರಂಟೈನ್ ನೀರನ್ನು ಅಷ್ಟಕ್ಕೇ ಹೊಂದಿಸಿಟ್ಟರೆ ಇನ್ನೂ ಸಲೀಸು. ಚೀಲದ ನೀರು ಒಳಗೆ ಹೋಗಬಾರದು.

ಬಲೆ ಬೇಡ, ಕೈಯೇ ಸಾಕು. ಒದ್ದೆ ಕೈಯನ್ನು ನೀರಿನಲ್ಲಿ ಇಳಿಸಿ ಬೆರಳು ಬಾಲದ ಹತ್ತಿರ ಇಟ್ಟರೆ ಅದೇ ಸುತ್ತಿಕೊಳ್ಳುತ್ತದೆ. ಅಷ್ಟು ಪುಟ್ಟ ಪ್ರಾಣಿಗೆ ಎಂಥ ಹಿಡಿತ ಅನ್ನಿಸುತ್ತದೆ. ಎಳೆದು ಬಿಡಿಸಬೇಡಿ, ಹೊಸ ಜಾಗದಲ್ಲಿ ಒಂದು ಕೊಂಬೆ ತೋರಿಸಿ ಕಾಯಿರಿ.

ಕ್ವಾರಂಟೈನ್ ಟ್ಯಾಂಕ್ ಬೇರೆಯೇ ಇರಲಿ: 60–80 ಲೀಟರ್, ಬರೀ ಗಾಜು, ಸ್ಪಂಜ್ ಫಿಲ್ಟರ್, ಎರಡು ಪ್ಲಾಸ್ಟಿಕ್ ಗಿಡ. ಸ್ಪಂಜನ್ನು ಒಂದು ತಿಂಗಳು ಮೊದಲೇ ಸಂಪ್‌ನಲ್ಲಿ ಹಾಕಿಟ್ಟಿದ್ದರೆ ಬ್ಯಾಕ್ಟೀರಿಯಾ ತಯಾರಿರುತ್ತದೆ. ಆರು ವಾರ ಅಲ್ಲಿದ್ದು, ತಿಂದುಂಡು, ಏನೂ ಕಾಣಿಸದಿದ್ದರೆ ದೊಡ್ಡ ಟ್ಯಾಂಕ್‌ಗೆ. ಆ ಆರು ವಾರವೂ ಖಾಲಿ ಟ್ಯಾಂಕ್‌ಗೆ ಊಟ ನಿಲ್ಲಿಸಬೇಡಿ.

ದಿನದ ಊಟ

ಫ್ರೋಜನ್ ಮೈಸಿಸ್ ಕ್ಯೂಬನ್ನು ಬಟ್ಟಲಿನಲ್ಲಿ ಕರಗಿಸಿ, ಸಣ್ಣ ಜರಡಿಯಲ್ಲಿ ಆರ್‌ಒ ನೀರು ಬಿಟ್ಟು ತೊಳೆಯಿರಿ. ಆ ಮೋಡದಂಥ ರಸ ಟ್ಯಾಂಕ್‌ಗೆ ಹೋದರೆ ಫಾಸ್ಫೇಟ್ ಹೋದ ಹಾಗೆ. ಒಮೆಗಾ–3 ಕೊಬ್ಬಿನ ಪೂರಕವನ್ನು ವಾರದಲ್ಲಿ ಎರಡು ಮೂರು ಸಲ ಬೆರೆಸಿ. ಬ್ರೈನ್ ಸಿಗಡಿಯನ್ನು (ಉಪ್ಪುನೀರಿನ ಪುಟ್ಟ ಸಿಗಡಿ) ಇಷ್ಟಪಟ್ಟು ತಿನ್ನುತ್ತವೆ, ಆದರೆ ಪೌಷ್ಟಿಕತೆ ಕಡಿಮೆ. ಅದೇ ಮುಖ್ಯ ಊಟವಾಗಬಾರದು.

ಶಾಂತ ಮೂಲೆಯಲ್ಲಿ ಅಗಲವಾದ ಚಿಪ್ಪು ಅಥವಾ ಗಾಜಿನ ತಟ್ಟೆ ಇಡಿ. ಪಂಪ್ ನಿಲ್ಲಿಸಿ, ಉದ್ದ ಪಿಪೆಟ್‌ನಿಂದ ಮೈಸಿಸ್ ಅದರ ಮೇಲೆ ಬಿಡಿ. ಹತ್ತು ದಿನ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಹಾಕಿದರೆ ಪಿಪೆಟ್ ಕಂಡಾಗಲೇ ಬಂದು ಸಾಲಾಗಿ ಕಾಯುತ್ತವೆ. 20–30 ನಿಮಿಷದ ಮೇಲೆ ಉಳಿದದ್ದು ತೆಗೆಯಿರಿ. ಪಂಪ್ ಮತ್ತೆ ಹಾಕಲು ಮರೆಯುವುದು ಈ ಹವ್ಯಾಸದ ಸಾರ್ವತ್ರಿಕ ರೋಗ, ಮೊಬೈಲ್‌ನಲ್ಲಿ ಟೈಮರ್ ಇಡಿ.

ಯಾರ ಜತೆ ಇರಬಹುದು

ಟ್ಯಾಂಕ್‌ನಲ್ಲಿ ಕುದುರೆಗಳು ಮಾತ್ರ ಇದ್ದರೆ ಅವಕ್ಕೆ ಅಂಥ ಬೇಸರವೇನೂ ಇಲ್ಲ. ಜತೆ ಬೇಕೇ ಬೇಕೆಂದರೆ ಫೈರ್‌ಫಿಶ್, ಪುಟ್ಟ ಗೋಬಿ, ಪೈಜಾಮ ಕಾರ್ಡಿನಲ್ ನಡೆಯುತ್ತವೆ, ಅವಕ್ಕೂ ಕ್ವಾರಂಟೈನ್ ಆಗಿರಬೇಕು. ಟ್ಯಾಂಗ್, ಟ್ರಿಗರ್, ಕ್ಲೌನ್‌ಫಿಶ್ ಬೇಡ. ಒಂದು ಮೈಸಿಸ್ ನೋಡಿ ಕುದುರೆ ಯೋಚಿಸುವಷ್ಟರಲ್ಲಿ ಅವು ಹತ್ತು ನುಂಗಿರುತ್ತವೆ. ಏಡಿಗಳು ಬಾಲ ಚಿವುಟುತ್ತವೆ. ಪೆಪ್ಪರ್‌ಮಿಂಟ್ ಸಿಗಡಿ ಐಪ್ಟಾಸಿಯಾ ತಿನ್ನುತ್ತದೆ ಅಂತ ತರುತ್ತಾರೆ, ದೊಡ್ಡದನ್ನೇ ತನ್ನಿ. ಚಿಕ್ಕದಾದರೆ ‘ಟಿಕ್’.

ವಾರದ ಕೆಲಸ, ಮತ್ತು ಕಾಯಿಲೆಯ ಸುಳಿವು

ವಾರಕ್ಕೆ 10–15 ಶೇಕಡಾ ನೀರು ಬದಲಾವಣೆ. ಅದಕ್ಕೆ ಮುಂಚೆ ಪಿಪೆಟ್‌ನಿಂದ ಕಲ್ಲಿನ ಸಂದಿಗಳಿಗೆ ನೀರು ಊದಿ ಕೊಳೆ ಎಬ್ಬಿಸಿ, ಆಮೇಲೆ ಹೀರಿ. ಸ್ಪಂಜು ಕವಚಗಳನ್ನು ತೆಗೆದ ಉಪ್ಪುನೀರಿನಲ್ಲೇ ಹಿಂಡಿ. ಸ್ಕಿಮ್ಮರ್ ಬಟ್ಟಲು ತೊಳೆಯಿರಿ. ಇಷ್ಟೇ.

ಕಾಯಿಲೆಯ ಮೊದಲ ಸುಳಿವು ಊಟ ಬಿಡುವುದು. ಎರಡು ಹೊತ್ತು ತಿನ್ನದಿದ್ದರೆ ಹತ್ತಿರ ಹೋಗಿ ನೋಡಿ. ಬಾಲದ ತುದಿ ಬಿಳುಪಾಗಿದ್ದರೆ, ಚರ್ಮ ಸುಲಿದಂತಿದ್ದರೆ ಅದೇ ದಿನ ಕ್ವಾರಂಟೈನ್ ಟ್ಯಾಂಕ್‌ಗೆ ಸೇರಿಸಿ, ನೀರು ನಿಧಾನವಾಗಿ 20 ಡಿಗ್ರಿಗೆ ಇಳಿಸಿ. ಗಂಡಿನ ಚೀಲ ಬಲೂನಿನ ಹಾಗೆ ಊದಿ ಬಾಲ ಮೇಲಾಗಿ ತೇಲುತ್ತಿದ್ದರೆ ಅದು ಗಾಳಿಗುಳ್ಳೆ. ಎರಡಕ್ಕೂ ಔಷಧಿ ಇದೆ, ಪ್ರಮಾಣ ಮಾತ್ರ ಜಲಚರ ಬಲ್ಲ ಪಶುವೈದ್ಯರೇ ಹೇಳಬೇಕು. ಅಂಥವರು ಎಲ್ಲಿದ್ದಾರೆ ಅಂತ ಕುದುರೆ ತರುವ ಮೊದಲೇ ಪತ್ತೆ ಮಾಡಿಟ್ಟುಕೊಳ್ಳಿ.

ಮರಿಗಳಾದರೆ

ಬೆಳಗ್ಗೆ ದೀಪ ಹತ್ತಿದ ಮೇಲೆ ಜೋಡಿ ಒಂದಕ್ಕೊಂದು ಬಾಲ ಹೆಣೆದು, ಬಣ್ಣ ತಿಳಿಯಾಗಿ, ಒಂದೇ ಕಂಬದ ಸುತ್ತ ಸುತ್ತಲು ಶುರು ಮಾಡಿದರೆ ಲಕ್ಷಣ ಒಳ್ಳೆಯದು. ಬಸಿರು ಗಂಡಿನದು, ಎರಡರಿಂದ ನಾಲ್ಕು ವಾರ. ಒಂದು ರಾತ್ರಿ ಕಳೆದು ನೋಡಿದರೆ ಕಣ್ಣುರೆಪ್ಪೆಯ ಕೂದಲಿನಷ್ಟು ಕುದುರೆಗಳು ನೂರಾರು ಮೇಲ್ಮೈಯಲ್ಲಿ ತೇಲುತ್ತಿರುತ್ತವೆ. ದೊಡ್ಡ ಟ್ಯಾಂಕ್‌ನಲ್ಲಿ ಅವು ಬದುಕುವುದಿಲ್ಲ, ಓವರ್‌ಫ್ಲೋ ಸೇರುತ್ತವೆ. ಸಾಕಬೇಕೆಂದರೆ ದುಂಡಗೆ ನೀರು ತಿರುಗುವ ಬೇರೆ ಪಾತ್ರೆ ಬೇಕು, ಆಗತಾನೇ ಒಡೆದ ಬ್ರೈನ್ ಸಿಗಡಿ ದಿನಕ್ಕೆ ಹಲವು ಸಲ ಬೇಕು. ಇರೆಕ್ಟಸ್ ಮರಿಗಳು ಸ್ವಲ್ಪ ದೊಡ್ಡವು, ಕೈಗೆ ಹತ್ತುತ್ತವೆ. ರೀಡಿ ಮರಿಗಳು ಇನ್ನೂ ಸಣ್ಣ, ಬಲು ಕಷ್ಟ.

ಮೊದಲ ಸಲ ಮರಿಗಳು ಉಳಿಯಲಿಲ್ಲ ಅಂತ ಎದೆಗುಂದಬೇಡಿ. ನೀವು ಇನ್ನೂ ಆ ಪಾತ್ರೆ ತೊಳೆಯುತ್ತಿರುವಾಗಲೇ, ಹೆತ್ತು ಬಳಲಿದ್ದ ಅಪ್ಪ ಮತ್ತೆ ಹೆಣ್ಣಿನ ಮುಂದೆ ಚೀಲ ಉಬ್ಬಿಸಿ ನಿಂತಿರುತ್ತಾನೆ.